ಉಬ್ಬಸ ಏರಿದಾಗ ನಾನು ಇಡುವ ಲೆಕ್ಕ

ಉಬ್ಬಸ ಏರುತ್ತಿದೆ ಅನಿಸಿದ ಕೂಡಲೇ ಕೈ ಹೋಗಬೇಕಾದ್ದು ನೀಲಿ ಪಂಪಿಗೆ (ಇನ್ಹೇಲರ್), ಕಣ್ಣು ಗಡಿಯಾರಕ್ಕೆ. ಗಡಿಯಾರವನ್ನು ಮರೆಯುವವರೇ ಹೆಚ್ಚು. ಎಷ್ಟು ಪಫ್ ಆಯಿತು, ಎಷ್ಟು ಹೊತ್ತಾಯಿತು ಎಂಬ ಲೆಕ್ಕ ತಪ್ಪಿದರೆ ಆಸ್ಪತ್ರೆಗೆ ಹೊರಡಬೇಕಾದ ಹೊತ್ತು ಮೀರಿದ್ದೇ ತಿಳಿಯುವುದಿಲ್ಲ. ಮೊದಲ ಪಫ್ಪಿನ ಸಮಯವನ್ನು ನಾನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತೇನೆ, ಪಫ್ಪಿಗೊಂದು ಗೀಟು ಎಳೆಯುತ್ತೇನೆ. ಮಾತಾಡಲು ಉಸಿರಿಲ್ಲದಿದ್ದರೂ ಡಾಕ್ಟರಿಗೆ ಕೈ ತೋರಿಸಿದರೆ ಸಾಕು.

ಮಲಗಬಾರದು. ಕುರ್ಚಿಯಲ್ಲಿ ಕೂತು ಸ್ವಲ್ಪ ಮುಂದಕ್ಕೆ ಬಾಗಿ, ಮೊಣಕೈಗಳನ್ನು ಮೇಜಿನ ಮೇಲೋ ತೊಡೆಯ ಮೇಲೋ ಊರಬೇಕು. ಬೆಲ್ಟು, ಕಾಲರ್, ಸೀರೆಯ ಬಿಗಿ ಸಡಿಲಿಸಬೇಕು. ಮೆಣಸಿನಕಾಯಿ ಒಗ್ಗರಣೆಯ ಘಾಟು, ಊದುಬತ್ತಿ, ಸೊಳ್ಳೆಬತ್ತಿ ಇರುವ ಕೋಣೆಯಿಂದ ಈಚೆ ಬರಬೇಕು. ಸುತ್ತ ಮುತ್ತಿಕೊಂಡು ‘ನೀರು ಕುಡಿ’ ಎನ್ನುವವರನ್ನು ದೂರ ನಿಲ್ಲಿಸಲು ಮನೆಯಲ್ಲಿ ಒಬ್ಬರಾದರೂ ಬೇಕು.

ನೀಲಿ ಪಂಪಿನಲ್ಲಿರುವುದು ಸಾಲ್ಬುಟಮಾಲ್, ಸಾಮಾನ್ಯವಾಗಿ ಒಂದು ಪಫ್ಪಿಗೆ 100 ಮೈಕ್ರೋಗ್ರಾಂ. ಅದನ್ನು ಚೆನ್ನಾಗಿ ಕುಲುಕಿ ಸ್ಪೇಸರಿನ (ಪಂಪಿಗೂ ಬಾಯಿಗೂ ನಡುವೆ ಹಿಡಿಯುವ ಪ್ಲಾಸ್ಟಿಕ್ ಕೊಳವೆ) ಹಿಂಬದಿಗೆ ಸಿಕ್ಕಿಸಿ, ಅದರ ಬಾಯಿಗೆ ತುಟಿ ಬಿಗಿಹಿಡಿದು, ಒಂದೇ ಒಂದು ಪಫ್ ಒತ್ತಬೇಕು. ಸ್ಪೇಸರಿನಿಂದಲೇ ನಾಲ್ಕು ಸಲ ಸಹಜವಾಗಿ ಉಸಿರಾಡಬೇಕು. ಮತ್ತೆ ಕುಲುಕಿ ಇನ್ನೊಂದು. ಹೀಗೆ ನಾಲ್ಕು ಪಫ್ ಆದ ಮೇಲೆ ನಾಲ್ಕು ನಿಮಿಷ ಕಾಯುವುದು. ಇಳಿಯದಿದ್ದರೆ ಮತ್ತೆ ನಾಲ್ಕು. ಆಗಲೂ ಇಳಿಯದಿದ್ದರೆ 108ಕ್ಕೆ ಫೋನು. ಆಂಬ್ಯುಲೆನ್ಸ್ ಬರುವವರೆಗೂ ನಾಲ್ಕು ನಿಮಿಷಕ್ಕೊಮ್ಮೆ ನಾಲ್ಕು ಪಫ್ ನಡೆಯುತ್ತಲೇ ಇರಬೇಕು. ಆಸ್ಟ್ರೇಲಿಯಾದಲ್ಲಿ ಪ್ರಥಮ ಚಿಕಿತ್ಸೆಗೆ ಕಲಿಸುವ ಲೆಕ್ಕ ಇದು. ಗಾಬರಿಯಲ್ಲೂ ನೆನಪಿರುತ್ತದೆ ಅಂತ ನನಗೆ ಇಷ್ಟ. ಫಾರ್ಮೊಟೆರಾಲ್–ಬ್ಯುಡೆಸೊನೈಡ್ ಎಂಬ ಎರಡು ಮದ್ದು ಕೂಡಿದ ಪಂಪನ್ನೇ ತುರ್ತಿಗೂ ಬಳಸುವವರ ಲೆಕ್ಕ ಬೇರೆ, ಅವರು ತಮ್ಮ ಡಾಕ್ಟರ ಚೀಟಿಯಂತೆ ನಡೆಯಬೇಕು.

ಎರಡು ಪಫ್ ಒಟ್ಟಿಗೆ ಒತ್ತಿದರೆ ಔಷಧಿಯ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗಿ ಸ್ಪೇಸರಿನ ಗೋಡೆಯಲ್ಲೇ ಉಳಿಯುತ್ತವೆ. ಸ್ಪೇಸರೇ ಇಲ್ಲದೆ ಬಾಯಿಗೆ ಹೊಡೆದುಕೊಂಡರೆ ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ತಾಳ ಕೂಡದೆ ಮದ್ದು ಗಂಟಲಿಗೆ ಬಡಿದು ನಿಲ್ಲುತ್ತದೆ. ಬಾಯಿಂದಲೋ ಮೂಗಿಂದಲೋ ಬಿಳಿ ಹೊಗೆ ಹೊರಬಂತೆಂದರೆ ಆ ಪಫ್ ವ್ಯರ್ಥವಾದಂತೆ. ಪ್ಲಾಸ್ಟಿಕ್ ಸ್ಪೇಸರನ್ನು ಬಟ್ಟೆಯಲ್ಲಿ ಒರೆಸಬಾರದು, ಉಜ್ಜಿದರೆ ವಿದ್ಯುದಾವೇಶ ಹುಟ್ಟಿ ಮದ್ದನ್ನು ಗೋಡೆಗೆ ಎಳೆದುಕೊಳ್ಳುತ್ತದೆ. ಪಾತ್ರೆ ಸೋಪು ಕಲಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹಾಗೇ ಆರಲು ಬಿಡಬೇಕು.

ಸ್ಪೇಸರ್ ಕೈಗೆ ಸಿಗದಿದ್ದರೆ ಅರ್ಧ ಲೀಟರಿನ ಒಣಗಿದ ನೀರಿನ ಬಾಟಲಿಯೂ ಆಗುತ್ತದೆ. ತಳದಲ್ಲಿ ಪಂಪಿನ ಬಾಯಿಯ ಅಳತೆಗೇ ತೂತು ಕೊಯ್ದು, ಬಿಗಿಯಾಗಿ ಸಿಕ್ಕಿಸಿ, ಸಂದಿಗೆ ಟೇಪು ಸುತ್ತಿ, ಬಾಟಲಿಯ ಬಾಯಿಂದ ಉಸಿರೆಳೆಯುವುದು. ಇದು ನಗೆಪಾಟಲಿನ ಉಪಾಯವಲ್ಲ: ದಕ್ಷಿಣ ಆಫ್ರಿಕಾದ ವೈದ್ಯರು ಮಕ್ಕಳಲ್ಲಿ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ್ದಾರೆ, ಸಂದಿ ಮುಚ್ಚಿದ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತ್ತು.

ನಮ್ಮಲ್ಲಿ ಕ್ಯಾಪ್ಸೂಲ್ ಹಾಕಿ ಎಳೆಯುವ ರೋಟಾಹೇಲರ್ ಅಗ್ಗವೆಂದು ಬಹಳ ಬಳಕೆಯಲ್ಲಿದೆ. ದಿನನಿತ್ಯಕ್ಕೆ ಅಡ್ಡಿಯಿಲ್ಲ. ಆದರೆ ಪುಡಿ ಒಳಗೆ ಹೋಗಲು ಜೋರಾಗಿ ಎಳೆಯಬೇಕು, ಉಬ್ಬಸ ಏರಿದಾಗ ಇಲ್ಲದಿರುವುದೇ ಆ ಶಕ್ತಿ. ಮಲೆನಾಡಿನ ಮಳೆಗಾಲದಲ್ಲಿ ಕ್ಯಾಪ್ಸೂಲಿನ ಡಬ್ಬಿ ತೆರೆದಿಟ್ಟರಂತೂ ಪುಡಿ ತೇವ ಹೀರಿ ಗಂಟುಕಟ್ಟುತ್ತದೆ.

ಕೆಲವು ಲಕ್ಷಣ ಕಂಡರೆ ಎರಡನೇ ಸುತ್ತಿಗೆ ಕಾಯದೆ ಆಗಲೇ 108ಕ್ಕೆ ಫೋನು ಮಾಡಬೇಕು. ಒಂದು ವಾಕ್ಯ ಮುಗಿಸಲಾಗದೆ ಎರಡೆರಡೇ ಪದ ಬರುವುದು, ಕತ್ತಿನ ಗುಳಿ, ಪಕ್ಕೆಲುಬಿನ ಸಂದಿ ಒಳಕ್ಕೆ ಸೆಳೆಯುವುದು, ತುಟಿ ಉಗುರು ನೀಲಿಗಟ್ಟುವುದು, ಮಂಪರು ಕವಿಯುವುದು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಶೇ. 92ಕ್ಕಿಂತ ಕೆಳಗೆ ತೋರಿಸಿದರೂ ಅಷ್ಟೇ. ಹಾಗೆಂದು ಮೇಲೆ ತೋರಿಸಿದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಎಲ್ಲರೂ ಮೋಸಹೋಗುವುದು ಒಂದು ಕಡೆ: ಸುಯ್ ಸುಯ್ ಸದ್ದು ನಿಂತಿತು, ಆದರೆ ಮನುಷ್ಯನಿಗೆ ಹಗುರವಾಗಿಲ್ಲ. ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಆಡುತ್ತಿಲ್ಲ ಎಂದು ಅದರ ಅರ್ಥ. ಇಂಥ ಸ್ಥಿತಿಯಲ್ಲಿ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಡಬಾರದು.

ಹಬೆ ತೆಗೆದುಕೊಳ್ಳುವುದು, ಎದೆಗೆ ವಿಕ್ಸ್ ಉಜ್ಜುವುದು, ಕೆಮ್ಮಿನ ಸಿರಪ್ಪು, ಇವೆಲ್ಲ ಸಮಯ ತಿನ್ನುತ್ತವೆ ಅಷ್ಟೇ. ನಿದ್ದೆ ಮಾತ್ರೆ ಅಪಾಯಕಾರಿ. ಆಸ್ಪಿರಿನ್, ಐಬುಪ್ರೊಫೇನ್ ಕೆಲವರಲ್ಲಿ ಉಬ್ಬಸವನ್ನೇ ಎಬ್ಬಿಸುತ್ತವೆ.

ಪಫ್ ತೆಗೆದುಕೊಂಡ ಮೇಲೆ ಕೈ ನಡುಕ, ಎದೆ ಡವಡವ ಸಹಜ, ಕೆಲಹೊತ್ತಿಗೆ ಇಳಿಯುತ್ತವೆ. ಸಾಲ್ಬುಟಮಾಲ್ ಉಸಿರುನಾಳದ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಒಳಗಿನ ಊತವನ್ನು ಮುಟ್ಟುವುದಿಲ್ಲ. ಆದ್ದರಿಂದ ಇಳಿದರೂ ಡಾಕ್ಟರನ್ನು ನೋಡಬೇಕು. ಮೂರು ನಾಲ್ಕು ಗಂಟೆಯೊಳಗೆ ಮತ್ತೆ ಪಂಪು ಬೇಕೆನಿಸಿದರೆ ಅಂದೇ ಹೋಗಬೇಕು. ಅವರು ಕೊಡುವ, ಊತ ಇಳಿಸುವ ಸ್ಟೀರಾಯ್ಡ್ ಮಾತ್ರೆ ಕೆಲಸ ಶುರುಮಾಡಲು ಕೆಲವು ಗಂಟೆ ಹಿಡಿಯುತ್ತದೆ. ತಡಮಾಡಬಾರದು ಎನ್ನುವುದು ಅದಕ್ಕೇ.

ಪಂಪು ಖಾಲಿಯಾಗಿದೆಯೇ ಎಂದು ನೀರಿನಲ್ಲಿ ತೇಲಿಸಿ ನೋಡುವ ಪದ್ಧತಿ ನಂಬುವಂಥದ್ದಲ್ಲ. ಮದ್ದು ಮುಗಿದ ಮೇಲೂ ಅನಿಲ ಉಳಿದು ಪುಸ್ ಎನ್ನುತ್ತಲೇ ಇರುತ್ತದೆ. ಎಣಿಕೆ ತೋರಿಸುವ ಪಂಪಾದರೆ ಸರಿ, ಇಲ್ಲದಿದ್ದರೆ ತೆರೆದ ತಾರೀಕನ್ನು ಡಬ್ಬಿಯ ಮೇಲೆ ಬರೆದು ಪಫ್ ಎಣಿಸಬೇಕು. ಹೆಚ್ಚಿನವುಗಳಲ್ಲಿ ಇರುವುದು 200. ವರ್ಷಕ್ಕೆ ಇಂಥ ಮೂರು ನೀಲಿ ಪಂಪು ಖಾಲಿಯಾದವೆಂದರೆ ದಿನವೂ ತೆಗೆದುಕೊಳ್ಳಬೇಕಾದ ಸ್ಟೀರಾಯ್ಡ್ ಪಂಪು ಎಲ್ಲಿದೆ ಎಂದು ಹುಡುಕಿ.