ಮಿಫುನೆ ಸಾಕ್ಷ್ಯಚಿತ್ರ ನೋಡುವ ಮುಂಚೆ, ನೋಡುವಾಗ, ನೋಡಿದ ಮೇಲೆ

ಜಪಾನಿನ ನಟ ತೋಶಿರೊ ಮಿಫುನೆ ಕುರಿತ ಸಾಕ್ಷ್ಯಚಿತ್ರಕ್ಕೆ ನೇರವಾಗಿ ಹೋಗಬೇಡಿ. ಮೊದಲು ಅವರ ಎರಡು ಸಿನಿಮಾ ನೋಡಿ, ಆಮೇಲೆ ಬನ್ನಿ. ಸ್ಟೀವನ್ ಒಕಜಾಕಿ 2015ರಲ್ಲಿ ಮಾಡಿದ ‘ಮಿಫುನೆ: ದ ಲಾಸ್ಟ್ ಸಮುರಾಯ್’ ಸುಮಾರು 80 ನಿಮಿಷದ್ದು. ಅಷ್ಟರೊಳಗೆ ಬಾಲ್ಯ, ಯುದ್ಧ, ಸ್ಟುಡಿಯೊ, ನಿರ್ದೇಶಕ ಅಕಿರಾ ಕುರೊಸಾವಾ ಜೊತೆಗಿನ ನಂಟು ಎಲ್ಲವೂ ಬಂದುಹೋಗಬೇಕು. ಹಾಗಾಗಿ ಸಿನಿಮಾಗಳ ತುಣುಕುಗಳು ಚಿಕ್ಕವು. ಎಡಿಟಿಂಗ್ ನನ್ನ ಕಸುಬು. ತುಣುಕಾದಾಗ ನಟ ಎಷ್ಟು ಕುಗ್ಗುತ್ತಾನೆ ಅನ್ನುವುದನ್ನು ದಿನಾ ಕಾಣುತ್ತೇನೆ. ಮಿಫುನೆ ಸಿಡಿಯುವುದನ್ನಷ್ಟೇ ನೋಡಿದರೆ ಸಾಲದು, ಸಿಡಿಯುವ ಮುಂಚೆ ಆ ಮೈ ಹೇಗೆ ಬಿಗಿಯಾಗುತ್ತದೆ ಅನ್ನುವುದೂ ಕಾಣಬೇಕು.

ಮೊದಲನೆಯದು 1954ರ ‘ಸೆವೆನ್ ಸಮುರಾಯ್’, ದರೋಡೆಕೋರರಿಂದ ಹಳ್ಳಿಯೊಂದನ್ನು ಕಾಯಲು ಬಂದ ಏಳು ಸಮುರಾಯ್ ಯೋಧರ ಕತೆ. 207 ನಿಮಿಷ ಅಂತ ಹೆದರಬೇಡಿ, ಚಿತ್ರದೊಳಗೇ ಮಧ್ಯಂತರವಿದೆ, ಅಲ್ಲಿ ನಿಲ್ಲಿಸಿ ಮಾರನೇ ದಿನ ಮುಂದುವರಿಸಬಹುದು. ಹಳ್ಳಿಗರು ಬಚ್ಚಿಟ್ಟ ಸಮುರಾಯ್ ಕವಚಗಳನ್ನು ಕಿಕುಚಿಯೊ (ಮಿಫುನೆ ಪಾತ್ರ) ಹೊತ್ತು ತರುವ ದೃಶ್ಯ ಬಂದಾಗ ಮೈಯೆಲ್ಲ ಕಣ್ಣಾಗಿರಿ. ಸತ್ತ ಸಮುರಾಯ್‌ಗಳಿಂದ ದೋಚಿದ ಮಾಲು ಅಂತ ಉಳಿದ ಸಮುರಾಯ್‌ಗಳು ಕುದಿಯುತ್ತಾರೆ. ಆಗ ಕಿಕುಚಿಯೊ ರೈತರನ್ನು ಬಾಯಿಗೆ ಬಂದಂತೆ ಬೈಯುತ್ತಾನೆ, ಅವರನ್ನು ಹಾಗೆ ಮಾಡಿದವರು ನೀವೇ ಅಂತ ಸಮುರಾಯ್‌ಗಳ ಮೇಲೆ ತಿರುಗಿಬೀಳುತ್ತಾನೆ, ಕೊನೆಗೆ ಕುಸಿದು ಅಳುತ್ತಾನೆ. ಅವನು ರೈತನ ಮಗ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಸಬ್‌ಟೈಟಲ್ ಓದಿಕೊಂಡು ಒಮ್ಮೆ ನೋಡಿ, ಹಿಂದಕ್ಕೆ ಹೋಗಿ ಮುಖವನ್ನಷ್ಟೇ ಇನ್ನೊಮ್ಮೆ ನೋಡಿ.

ಎರಡನೆಯದು ‘ಯೊಜಿಂಬೊ’ (1961). ಇಲ್ಲಿ ಮಾತು ಕಮ್ಮಿ. ಚಿಗಟ ಕಚ್ಚಿದವನ ಹಾಗೆ ಆಗಾಗ ಭುಜ ಕೊಡವುತ್ತಾರಲ್ಲ, ಆ ಒಂದು ಚಲನೆಯಲ್ಲೇ ಒಡೆಯನಿಲ್ಲದ ಸಮುರಾಯ್‌ನ ಬಡತನ, ಅಸಡ್ಡೆ ಎರಡೂ ಇವೆ. ಈ ಪಾತ್ರಕ್ಕೆ ವೆನಿಸ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು.

ಈಗ ಸಾಕ್ಷ್ಯಚಿತ್ರ ಹಾಕಿ. ಶುರುವಿನಲ್ಲಿ ಮೂಕಿ ಕಾಲದ ಕತ್ತಿವರಸೆ ಚಿತ್ರಗಳ ಭಾಗ ಬರುತ್ತದೆ, ಜಪಾನಿನಲ್ಲಿ ಅವನ್ನು ಚಂಬರಾ ಅನ್ನುತ್ತಾರೆ. ದಯವಿಟ್ಟು ಅದನ್ನು ಓಡಿಸಬೇಡಿ. ರಂಗಭೂಮಿಯ ಭಂಗಿಯಲ್ಲಿ ನಿಂತ ಆ ಹಳೆಯ ನಟರನ್ನು ಕಂಡ ಮೇಲೇ ಮಿಫುನೆ ಏನನ್ನು ಮುರಿದರು ಅನ್ನುವುದು ಹೊಳೆಯುತ್ತದೆ.

ಅವರು ಹುಟ್ಟಿದ್ದು 1920ರಲ್ಲಿ, ಚೀನಾದ ಚಿಂಗ್‌ಡಾವ್‌ನಲ್ಲಿ. ತಂದೆ ಫೋಟೊ ಸ್ಟುಡಿಯೊ ಇಟ್ಟವರು. ಯುದ್ಧಕಾಲದಲ್ಲಿ ಸೇನೆಯ ವೈಮಾನಿಕ ಛಾಯಾಗ್ರಹಣ ತುಕಡಿಯಲ್ಲಿದ್ದರು. 1946ರಲ್ಲಿ ತೊಹೊ ಸ್ಟುಡಿಯೊಗೆ ಬಂದದ್ದು ಕ್ಯಾಮೆರಾ ಸಹಾಯಕನ ಕೆಲಸ ಹುಡುಕಿಕೊಂಡು, ನಿಂತದ್ದು ಹೊಸ ಮುಖಗಳ ಆಯ್ಕೆಯಲ್ಲಿ. ಇದನ್ನು ಬರೀ ಅದೃಷ್ಟದ ಕತೆಯಾಗಿ ಕೇಳಿ ಬಿಟ್ಟುಬಿಡಬೇಡಿ. ಫ್ರೇಮಿನ ಅಂಚು ಎಲ್ಲಿದೆ ಅಂತ ಗೊತ್ತಿದ್ದವರ ಹಾಗೆ ಅವರು ನಡೆದಾಡುತ್ತಾರೆ. ಅದಕ್ಕೆ ಬೇರು ಇಲ್ಲಿದೆ ಅಂತ ನಾನು ನಂಬಿದ್ದೇನೆ.

ಸಂದರ್ಶನಗಳಲ್ಲಿ ಹಾಲಿವುಡ್ ನಿರ್ದೇಶಕರಾದ ಸ್ಪೀಲ್‌ಬರ್ಗ್, ಸ್ಕಾರ್ಸೇಸಿ ಆಡುವ ಮಾತು ಚೆನ್ನಾಗಿದೆ. ಆದರೆ ಕಿವಿ ನಿಮಿರಬೇಕಾದ್ದು ಸೆಟ್‌ನಲ್ಲಿ ಜೊತೆಗಿದ್ದವರಿಗೆ: ಕುರೊಸಾವಾ ಅವರ ಸ್ಕ್ರಿಪ್ಟ್ ನೋಡಿಕೊಳ್ಳುತ್ತಿದ್ದ ತೆರುಯೊ ನೊಗಾಮಿ, ನಟಿ ಕ್ಯೋಕೊ ಕಾಗಾವಾ, ತೆರೆಯ ಮೇಲೆ ಮಿಫುನೆ ಕತ್ತಿಗೆ ನೂರಕ್ಕೂ ಹೆಚ್ಚು ಸಲ ಬಲಿಯಾದ ಕಾಂಜೊ ಉನಿ. ‘ಥ್ರೋನ್ ಆಫ್ ಬ್ಲಡ್’ (1957) ಪ್ರಸ್ತಾಪ ಬಂದಾಗ ಸಾಕ್ಷ್ಯಚಿತ್ರವನ್ನು ನಿಲ್ಲಿಸಿ, ಆ ಸಿನಿಮಾದ ಕೊನೆಯ ಹತ್ತು ನಿಮಿಷ ಹಾಕಿ. ಮಿಫುನೆ ಸುತ್ತಲಿನ ಹಲಗೆಗೆ ನಾಟುವ ಬಾಣಗಳನ್ನು ಬಿಲ್ಲುಗಾರರು ನಿಜವಾಗಿಯೇ ಬಿಟ್ಟರು. ಆ ಕಣ್ಣಿನ ಭಯದಲ್ಲಿ ನಟನೆ ಎಷ್ಟು, ಜೀವಭಯ ಎಷ್ಟು ಅಂತ ನೀವೇ ನೋಡಿ. ಆಮೇಲೆ ಸಾಕ್ಷ್ಯಚಿತ್ರಕ್ಕೆ ಮರಳಿ.

1948ರಿಂದ 1965ರವರೆಗೆ ಕುರೊಸಾವಾ ಜೊತೆ 16 ಚಿತ್ರ, ‘ರೆಡ್ ಬಿಯರ್ಡ್’ ಕೊನೆಯದು. ಅಲ್ಲಿಂದ ಮುಂದೆ ಒಟ್ಟಿಗೆ ಕೆಲಸ ಮಾಡಲಿಲ್ಲ. ಯಾರ ತಪ್ಪು ಅಂತ ತೀರ್ಪು ಕೊಡುವ ಆಸೆ ನಿಮಗೂ ಆಗುತ್ತದೆ, ತಡೆದುಕೊಳ್ಳಿ. ಆ ಪಾತ್ರಕ್ಕೆ ನಿಜವಾದ ಗಡ್ಡವೇ ಬೇಕಿತ್ತು, ಚಿತ್ರೀಕರಣ ಎಳೆಯಿತು, ಬೇರೆ ಸಿನಿಮಾ ಒಪ್ಪುವ ಹಾಗಿರಲಿಲ್ಲ, ಅತ್ತ ಸ್ವಂತ ನಿರ್ಮಾಣ ಸಂಸ್ಥೆಯನ್ನೂ ನಡೆಸಬೇಕಿತ್ತು. ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಆ ಭಾಗ ನೋಡಿದರೆ ಸಾಕು.

ಆಮೇಲಿನ ಮೂರು ದಶಕವನ್ನು ಸಾಕ್ಷ್ಯಚಿತ್ರ ಬೇಗ ದಾಟಿಬಿಡುತ್ತದೆ. ನನಗೆ ಅದೊಂದೇ ಕೊರತೆ. ಅದನ್ನು ನೀವೇ ತುಂಬಿಕೊಳ್ಳಬೇಕು. ಮಸಾಕಿ ಕೊಬಯಾಶಿ ಅವರ ‘ಸಮುರಾಯ್ ರೆಬೆಲಿಯನ್’ (1967) ನೋಡಿ, ಮನೆಯಲ್ಲಿ ತಗ್ಗಿ ಬಗ್ಗಿ ಬದುಕಿದ ನಡುವಯಸ್ಸಿನವನು ಸೊಸೆಗೋಸ್ಕರ ಒಡೆಯನ ವಿರುದ್ಧವೇ ಕತ್ತಿ ಹಿರಿಯುತ್ತಾನೆ. ನಂತರ ‘ಹೆಲ್ ಇನ್ ದ ಪೆಸಿಫಿಕ್’ (1968). ದ್ವೀಪವೊಂದರಲ್ಲಿ ಸಿಕ್ಕಿಬಿದ್ದ ಇಬ್ಬರು ಸೈನಿಕರು, ಮಿಫುನೆ ಮತ್ತು ಲೀ ಮಾರ್ವಿನ್. ಇಬ್ಬರೂ ನಿಜಜೀವನದಲ್ಲಿ ಅದೇ ಯುದ್ಧದ ಎದುರುಬದುರು ಪಕ್ಷಗಳಲ್ಲಿ ಸೈನಿಕರಾಗಿದ್ದವರು. ಪಾತ್ರಗಳಿಗೆ ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು, ಆದ್ದರಿಂದ ಈ ಚಿತ್ರಕ್ಕೆ ಸಬ್‌ಟೈಟಲ್ ಆಫ್ ಮಾಡಿಯೇ ಕೂರಿ.