ಬಂಡೀಪುರದಲ್ಲಿ ರಾತ್ರಿ ತಂಗುವುದು ಎಲ್ಲಿ: ನನ್ನ ಅನುಭವ

ಬಂಡೀಪುರಕ್ಕೆ ಹೋಗಿ ಕಾಡಿನ ಹೊರಗಿನ ಪೇಟೆಯಾದ ಗುಂಡ್ಲುಪೇಟೆಯ ಲಾಡ್ಜ್‌ನಲ್ಲಿ ಮಲಗುತ್ತೇನೆ ಎಂದು ನಾನು ಮೊದಲ ಸಲ ಹೇಳಿದಾಗ ನಮ್ಮ ಭಾವ ಒಪ್ಪಲೇ ಇಲ್ಲ. "ಹುಲಿ ನೋಡೋಕೆ ಹೊರಟೋನು ಬಸ್ ಸ್ಟ್ಯಾಂಡ್ ಪಕ್ಕ ಮಲಗ್ತೀಯೇನಪ್ಪಾ?" ಎಂದು ಕೇಳಿ, ತಾವು ಎರಡು ಸಲ ಹೋಗಿಬಂದಿದ್ದ ರೆಸಾರ್ಟ್‌ನ ನಂಬರನ್ನೂ ಕೊಟ್ಟರು. ನನ್ನ ಜೊತೆ ಫೋಟೊ ತೆಗೆಯಲು ಬರುವ ಇಬ್ಬರು ಗೆಳೆಯರ ಅಭಿಪ್ರಾಯವೂ ಅದೇ ಆಗಿತ್ತು. 2024ರ ಮೇ ತಿಂಗಳಲ್ಲಿ ನಾನು ಮತ್ತು ನನ್ನ ಹೆಂಡತಿ ಮೂರು ರಾತ್ರಿ ತಂಗಿ, ನಾಲ್ಕು ಸಫಾರಿಗಳಲ್ಲಿ ಒಂದನ್ನೂ ತಪ್ಪಿಸಿಕೊಳ್ಳದೆ, ಡೀಸೆಲ್, ಊಟ ಎಲ್ಲ ಸೇರಿ ಸುಮಾರು 15,000 ರೂಪಾಯಿಯಲ್ಲಿ ಮೈಸೂರಿಗೆ ಮರಳಿದ ಮೇಲೆ ಅದೇ ಭಾವ ತಮಗೂ ಹಾಗೆಯೇ ವ್ಯವಸ್ಥೆ ಮಾಡಿಕೊಡಬೇಕೆಂದು ಕೇಳಿದರು. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆಗಳನ್ನು ಹೇಳುತ್ತೇನೆ, ಏಕೆಂದರೆ ನನ್ನ ದುಡ್ಡು ಹೋದದ್ದೆಲ್ಲ ಅಲ್ಲಿಯೇ. 2018ರಲ್ಲಿ ಕಾಡಂಚಿನ ಹಳ್ಳಿಯೊಂದರ ಹತ್ತಿರದ ರೆಸಾರ್ಟ್‌ನಲ್ಲಿ ಎರಡು ರಾತ್ರಿ ತಂಗಿದ್ದೆವು. ಇಬ್ಬರಿಗೆ ರಾತ್ರಿಯೊಂದಕ್ಕೆ 11,000 ರೂಪಾಯಿಯಂತೆ ಕೊಟ್ಟ ನೆನಪು. ಬುಕ್ ಮಾಡುವಾಗ ಸಫಾರಿಯೂ ಸೇರಿದೆ ಎಂದಿದ್ದರು. ಅಲ್ಲಿಗೆ ಹೋದ ಮೇಲೆ ತಿಳಿದದ್ದೇನೆಂದರೆ, ಆ ಸಫಾರಿ ಎಂಬುದು ಕಾಡಿನ ಹೊರಗೆ, ಹೊಲಗಳ ನಡುವಿನ ಮಣ್ಣಿನ ರಸ್ತೆಯಲ್ಲಿ ಜೀಪಿನಲ್ಲಿ ಒಂದು ಗಂಟೆ ಸುತ್ತಾಡಿಸುವುದಾಗಿತ್ತು. ನವಿಲುಗಳನ್ನೂ ದೂರದಲ್ಲಿ ಎರಡು ಜಿಂಕೆಗಳನ್ನೂ ನೋಡಿದೆವು. ಅರಣ್ಯ ಇಲಾಖೆಯ ನಿಜವಾದ ಸಫಾರಿಗೆ ನಾವೇ ಹೋಗಿ ಟಿಕೆಟ್ ಕೊಳ್ಳಬೇಕಿತ್ತು, ಕ್ಯಾಮೆರಾ ಲೆನ್ಸ್‌ಗೆ ಬೇರೆ ಶುಲ್ಕ ಕಟ್ಟಬೇಕಿತ್ತು. ರಾತ್ರಿ ಪಕ್ಕದ ಕಾಟೇಜಿನವರ ಹುಟ್ಟುಹಬ್ಬಕ್ಕೆಂದು ಕ್ಯಾಂಪ್‌ಫೈರ್ ಹಾಕಿ ಹನ್ನೊಂದರವರೆಗೆ ಹಾಡು ಹಾಕಿದ್ದರು. ಮರುವರ್ಷ, 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬಿದ್ದ ಬೆಂಕಿಯ ಸುಟ್ಟ ಕಪ್ಪನ್ನು ಹೆದ್ದಾರಿಯ ಎರಡೂ ಬದಿಗೆ ಕಣ್ಣಾರೆ ಕಂಡ ಮೇಲೆ, ಕ್ಯಾಂಪ್‌ಫೈರ್ ಉಂಟು ಎಂದು ಹೇಳಿಕೊಳ್ಳುವ ಯಾವ ಜಾಗಕ್ಕೂ ನಾನು ಹೋಗಿಲ್ಲ, ಮುಂದೆಯೂ ಹೋಗುವುದಿಲ್ಲ.

ಎರಡನೆಯ ಸೋಲು ಇದಕ್ಕಿಂತ ಅಗ್ಗದ್ದು, ಆದರೆ ನನಗೆ ಪಾಠವಾದದ್ದು ಅದೇ. 2022ರ ನವೆಂಬರ್‌ನಲ್ಲಿ ಕಾಡಿನ ಆಚೆ, ತಮಿಳುನಾಡಿನ ಕಡೆಯ ಮಸಿನಗುಡಿಯಲ್ಲಿ ರೂಮು ಸಿಕ್ಕಿತು. ರಾತ್ರಿಗೆ 2,500 ರೂಪಾಯಿ, ಕಿಟಕಿ ತೆರೆದರೆ ನೀಲಗಿರಿಯ ಬೆಟ್ಟಸಾಲು. ಅಲ್ಲಿಂದ ತೆಪ್ಪಕಾಡಿಗೆ ಇಳಿದು ಬಂಡೀಪುರದ ಸಫಾರಿ ಕೌಂಟರ್ ಸೇರಲು ಮೂವತ್ತರ ಆಸುಪಾಸು ಕಿ.ಮೀ., ಮುಕ್ಕಾಲು ಗಂಟೆ ಸಾಕು ಎಂದು ಲೆಕ್ಕ ಹಾಕಿದ್ದೆ. ಕಾಡಿನ ನಡುವಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿರುವ ವಿಷಯವೇ, 2009ರಿಂದ ಇರುವ ನಿಯಮವೇ. ಆದರೆ ಆ ನಿಯಮವನ್ನು ನಾನು ರಾತ್ರಿಯ ಪ್ರಯಾಣಕ್ಕೆ ಮಾತ್ರ ಹಚ್ಚಿಕೊಂಡು ನೋಡಿದ್ದೆನೇ ಹೊರತು ಬೆಳಗಿನ ಸಫಾರಿಗೆ ಹಚ್ಚಿ ನೋಡಿರಲಿಲ್ಲ. ಐದೂವರೆಗೆ ಚೆಕ್‌ಪೋಸ್ಟಿನ ಗೇಟಿನ ಮುಂದೆ ಬಂದಾಗ ನಮ್ಮ ಮುಂದೆ ಇಪ್ಪತ್ತಕ್ಕೂ ಹೆಚ್ಚು ವಾಹನಗಳಿದ್ದವು, ಅರ್ಧಕ್ಕರ್ಧ ತರಕಾರಿ ಲಾರಿಗಳು. ಆರಕ್ಕೆ ಗೇಟು ತೆರೆದ ಮೇಲೆ ರಸ್ತೆಯುಬ್ಬುಗಳ ಮೇಲೆ ಲಾರಿಗಳ ಹಿಂದೆ ಸಾಲಾಗಿ ಹೋಗುವುದೊಂದೇ ದಾರಿ, ಕಾಡಿನೊಳಗೆ ಹಿಂದಿಕ್ಕಿ ಓಡಿಸುವುದು ನನಗೆ ಸರಿಬೀಳುವುದಿಲ್ಲ. ಕೌಂಟರ್ ತಲುಪುವಷ್ಟರಲ್ಲಿ ಬೆಳಗಿನ ಬಸ್ಸುಗಳು ಹೊರಟುಹೋಗಿದ್ದವು. ಮರುದಿನ ಇನ್ನೂ ಬೇಗ ಹೋಗಿ ಸಾಲಿನಲ್ಲಿ ಮೂರನೆಯವನಾಗಿ ನಿಂತರೂ ಕಡೆಯ ಬಸ್ಸಿನ ಹಿಂದಿನ ಸೀಟು ಮಾತ್ರ ಸಿಕ್ಕಿತು. ಹಿಂದಿನ ಸೀಟಿನಿಂದ ಏನು ಕಾಣುತ್ತದೆ, ಎಷ್ಟು ಧೂಳು ಬರುತ್ತದೆ ಎಂಬುದನ್ನು ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಕಬಿನಿಯಲ್ಲಿ, 2023ರ ಏಪ್ರಿಲ್. ಹಿನ್ನೀರು ಇಳಿದು ಆನೆಗಳು ಹುಲ್ಲಿಗೆ ಬರುವ ಕಾಲ. ನಕ್ಷೆಯಲ್ಲಿ ನಾವು ಹಿಡಿದಿದ್ದ ಮನೆಗೂ ನಾಗರಹೊಳೆಯ ಕಾಡಿಗೂ ನಡುವೆ ಒಂದು ಬೆರಳಿನಷ್ಟು ನೀಲಿ ಬಣ್ಣ ಮಾತ್ರ ಇತ್ತು. ಆ ನೀಲಿಯೇ ಹಿನ್ನೀರು. ನಾವಿದ್ದದ್ದು ಆಚೆ ದಡದಲ್ಲಿ, ಸಫಾರಿ ಹೊರಡುವ ದಮ್ಮನಕಟ್ಟೆ ಗೇಟು ಇದ್ದದ್ದು ಈಚೆ ದಡದಲ್ಲಿ, ರಸ್ತೆಯಲ್ಲಿ ಹೋಗಬೇಕೆಂದರೆ ಅಣೆಕಟ್ಟಿನ ಕಡೆಯಿಂದ ಸುತ್ತಿಕೊಂಡು ಬರಬೇಕಿತ್ತು. ದೊಡ್ಡ ರೆಸಾರ್ಟ್‌ಗಳು ತಮ್ಮ ಅತಿಥಿಗಳನ್ನು ದೋಣಿಯಲ್ಲಿ ದಾಟಿಸುತ್ತವೆ, ಹಳ್ಳಿಮನೆಯಲ್ಲಿ ತಂಗಿದವನಿಗೆ ದೋಣಿಯಿಲ್ಲ. ಎರಡು ದಿನದಲ್ಲಿ ಒಂದೇ ಸಫಾರಿ ಆಯಿತು. ಅದೊಂದರಲ್ಲಿ ಮಾತ್ರ ಮೂವತ್ತು ನಲವತ್ತು ಆನೆಗಳ ಹಿಂಡನ್ನು ಸಂಜೆಯ ಬೆಳಕಿನಲ್ಲಿ ಅರ್ಧ ಗಂಟೆ ನೋಡಿದೆವು ಎಂಬುದನ್ನೂ ಹೇಳಬೇಕು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನಾನು ಎಲ್ಲ ಸಲವೂ ಕಾಡಿಗೆ ಎಷ್ಟು ಹತ್ತಿರ ಎಂಬುದನ್ನೇ ಅಳೆದಿದ್ದೆನೆಂದು ಅರ್ಥವಾಯಿತು. ಅಳೆಯಬೇಕಾದದ್ದು ಸಫಾರಿ ಕೌಂಟರ್‌ಗೆ, ಬೆಳಿಗ್ಗೆ ಆರಕ್ಕೆ ಮುಂಚೆ, ಯಾವ ಗೇಟನ್ನೂ ದಾಟದೆ, ಎಷ್ಟು ನಿಮಿಷ ಎಂಬುದನ್ನು. ಬಂಡೀಪುರದ ಸಫಾರಿ ಮೊದಲು ಕಾಡಿನೊಳಗಿನ ಅರಣ್ಯ ಇಲಾಖೆಯ ಕ್ಯಾಂಪಸ್ಸಿನಿಂದಲೇ ಹೊರಡುತ್ತಿತ್ತು. ಕೆಲವು ವರ್ಷಗಳ ಹಿಂದೆ ಅದನ್ನು ಮೇಲುಕಾಮನಹಳ್ಳಿಗೆ, ಅಂದರೆ ಗುಂಡ್ಲುಪೇಟೆಯ ಕಡೆಯ ಅಂಚಿಗೆ ತಂದರು. ಭಾವನ ಸಲಹೆಯೂ ಗೆಳೆಯರ ಸಲಹೆಯೂ ಆ ಹಳೆಯ ಕಾಲದವು. ಆಗ ಕಾಡಿನ ಆಚೆ ಮಗ್ಗುಲಲ್ಲಿ ತಂಗಿದವನಿಗೂ ಈಚೆ ತಂಗಿದವನಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಈಗ ಗುಂಡ್ಲುಪೇಟೆಯಲ್ಲಿ ತಂಗಿದವನು ಚೆಕ್‌ಪೋಸ್ಟಿನ ಹಂಗಿಲ್ಲದೆ ಕೌಂಟರ್ ಮುಟ್ಟುತ್ತಾನೆ. ಇದನ್ನು ಮೊದಲು ಕಂಡುಕೊಂಡವನು ನಮ್ಮ ಗುಂಪಿನಲ್ಲಿ ನಾನೇ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಾವು ಹೋದಾಗ ಲಾಡ್ಜ್‌ನ ರೂಮಿಗೆ 1,200 ರೂಪಾಯಿ ಇತ್ತು, ಬಿಸಿನೀರು ಬಕೆಟ್ಟಿನಲ್ಲಿ. ಮೊದಲ ಸಲ ಹೋದಾಗ ರಸ್ತೆಯ ಕಡೆ ಬಾಲ್ಕನಿ ಇರುವ ರೂಮನ್ನು ಕೇಳಿ ಪಡೆದಿದ್ದೆ, ಅದು ತಪ್ಪಾಯಿತು. ಊಟಿಯ ಹೆದ್ದಾರಿಯೂ ಸುಲ್ತಾನ್ ಬತ್ತೇರಿಯ ಹೆದ್ದಾರಿಯೂ ಕವಲೊಡೆಯುವುದು ಗುಂಡ್ಲುಪೇಟೆಯಲ್ಲಿ, ರಾತ್ರಿ ಕಾಡು ಮುಚ್ಚುವುದರಿಂದ ಎರಡೂ ಕಡೆಗೆ ಹೋಗುವ ಲಾರಿಗಳು ಊರಿನ ಆಸುಪಾಸಿನಲ್ಲೇ ಸಾಲುಗಟ್ಟಿ ನಿಲ್ಲುತ್ತವೆ. ಒಂಬತ್ತೂವರೆಯವರೆಗೆ ಟೀ ಅಂಗಡಿಯ ಮುಂದೆ ಚಾಲಕರ ಮಾತು ಕೇಳುತ್ತಿರುತ್ತದೆ, ಆಮೇಲೆ ಎಲ್ಲ ತಣ್ಣಗಾಗುತ್ತದೆ, ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ಒಂದು ಎಂಜಿನ್ ಶುರುವಾದರೆ ಅದರ ಹಿಂದೆಯೇ ಹತ್ತು ಶುರುವಾಗುತ್ತವೆ. ಮರುದಿನ ಮ್ಯಾನೇಜರೇ "ಹಿಂದ್ಗಡೆ ರೂಮು ತಗಳಿ ಸಾರ್, ಮುಂದ್ಗಡೆ ಲಾರಿ ಕಾಟ" ಎಂದು ಬೀಗದ ಕೈ ಬದಲಿಸಿಕೊಟ್ಟರು. ಹಿಂದಿನ ರೂಮಿನ ಕಿಟಕಿಯಿಂದ ಒಂದು ತೆಂಗಿನ ತೋಟ ಮಾತ್ರ ಕಾಣುತ್ತದೆ, ನಿದ್ದೆಗೆ ಏನೂ ತೊಂದರೆಯಿಲ್ಲ. ಲಾರಿಗಳು ಹೊರಡುವ ಮುಂಚೆ, ಐದು ಗಂಟೆಗೆ ನಾವು ಹೊರಟುಬಿಟ್ಟರೆ ರಸ್ತೆ ಖಾಲಿ ಇರುತ್ತದೆ. ಚಳಿಗಾಲದಲ್ಲಿ ದಾರಿಯಲ್ಲಿ ಸಿಗುವ ಹಂಗಳದಿಂದ ಮುಂದೆ ಮಂಜು ಕವಿದಿರುತ್ತದೆ, ಆ ದಿನಗಳಲ್ಲಿ ಹತ್ತು ನಿಮಿಷ ಹೆಚ್ಚು ಇಟ್ಟುಕೊಂಡು ನಿಧಾನವಾಗಿಯೇ ಹೋಗಬೇಕು.

ಒಂದು ಪ್ರಯೋಗವನ್ನೂ ಮಾಡಿದೆ. ಲಾಡ್ಜ್‌ಗಿಂತ ಕೌಂಟರ್‌ಗೆ ಹತ್ತಿರವಿರುವ ತೋಟದ ಮನೆಯೊಂದರಲ್ಲಿ ಒಂದು ರಾತ್ರಿ ತಂಗಿ, ಮೊಬೈಲಿನಲ್ಲಿ ಸಮಯ ಹಿಡಿದು ನೋಡಿದೆ. ಲಾಡ್ಜ್‌ನಿಂದ ಕೌಂಟರ್‌ಗೆ ನಾಲ್ಕು ಬೆಳಗಿನ ಸರಾಸರಿ ಸುಮಾರು 22 ನಿಮಿಷ, ತೋಟದ ಮನೆಯಿಂದ 17 ನಿಮಿಷ. ಹತ್ತಿರವಿದ್ದರೂ ಬರೀ ಐದು ನಿಮಿಷ ಉಳಿಯಿತು, ಏಕೆಂದರೆ ತೋಟದಿಂದ ಹೆದ್ದಾರಿಗೆ ಬರುವ ಕಾಲುದಾರಿಯಂಥ ರಸ್ತೆಯಲ್ಲಿ, ಆನೆ ಬಂದಿರಬಹುದೆಂಬ ಎಚ್ಚರಿಕೆಯಿಂದ, ಕಾರನ್ನು ತೆವಳಿಸಿಕೊಂಡು ಬರಬೇಕಾಯಿತು. ತೋಟದ ಮನೆಯವರು ಆ ವಾರದಲ್ಲಿ ಎರಡು ಸಲ ಬಾಳೆಗೆ ಆನೆ ಬಿದ್ದಿತ್ತೆಂದು ಹೇಳಿದರು. ಆದರೆ ಅಲ್ಲಿನ ಊಟ ಲಾಡ್ಜ್‌ನಲ್ಲಿ ಸಿಗುವಂಥದ್ದಲ್ಲ. ಬಿಸಿ ಮುದ್ದೆ, ಅವರೆಕಾಳಿನ ಸಾರು, ಹಿತ್ತಲಿನ ಸಣ್ಣ ಈರುಳ್ಳಿ. ಐದು ನಿಮಿಷಕ್ಕಾಗಿ ಲಾಡ್ಜ್ ಬಿಡಬೇಕಾಗಿಲ್ಲ, ಊಟದ ಲೆಕ್ಕಕ್ಕೆ ಮಾತ್ರ ತೋಟದ ಮನೆ ಎಂದು ನಾನು ತೀರ್ಮಾನಿಸಿದ್ದೇನೆ. ಈ ಮನೆ ಯಾವುದೆಂದು ಗೆಳೆಯರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಅವರ ಹತ್ತಿರ ಇರುವುದು ಎರಡೇ ಕೋಣೆ.

ಯಾವುದೇ ಜಾಗವನ್ನು ಬುಕ್ ಮಾಡುವ ಮುಂಚೆ ನಾನು ಫೋನ್ ಮಾಡಿ ಮೂರು ಪ್ರಶ್ನೆ ಕೇಳುತ್ತೇನೆ. ನಿಮ್ಮ ಗೇಟಿನಿಂದ ಅರಣ್ಯ ಇಲಾಖೆಯ ಸಫಾರಿ ಕೌಂಟರ್‌ಗೆ ಹೋಗುವಾಗ ನಡುವೆ ಚೆಕ್‌ಪೋಸ್ಟ್ ಬರುತ್ತದೆಯೇ ಎಂಬುದು ಮೊದಲನೆಯದು. "ಹತ್ತಿರವೇ ಸಾರ್" ಎಂಬ ಉತ್ತರ ಬಂದರೆ ಪ್ರಶ್ನೆಯನ್ನು ಮತ್ತೆ ಕೇಳಬೇಕು, ಹೌದು ಅಥವಾ ಇಲ್ಲ ಎನ್ನುವವರೆಗೆ ಬಿಡಬಾರದು. ಸಫಾರಿ ಸೇರಿದೆ ಎಂದರೆ ಯಾರ ವಾಹನದಲ್ಲಿ, ಯಾವ ವಲಯದೊಳಗೆ ಎಂಬುದು ಎರಡನೆಯದು. ಸರ್ಕಾರದ ಜಂಗಲ್ ಲಾಡ್ಜಸ್‌ನಂಥ ಕಡೆ ತಲೆಗೆ ಇಷ್ಟು ಎಂದು ಹೇಳುವ ದರದಲ್ಲಿ ಊಟ, ಸಫಾರಿ ಎಲ್ಲವೂ ಬರುತ್ತವೆ, ಆ ದರವನ್ನು ಬರೀ ರೂಮಿನ ದರದ ಪಕ್ಕದಲ್ಲಿಟ್ಟು ದುಬಾರಿ ಎನ್ನುವುದು ಸರಿಯಲ್ಲ, ಜೊತೆಗೆ ವಯಸ್ಸಾದವರಿದ್ದಾಗ ನಾನೂ ಅದನ್ನೇ ಆರಿಸುತ್ತೇನೆ. ಮೂರನೆಯ ಪ್ರಶ್ನೆಯನ್ನು ಮಾತ್ರ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಅದನ್ನು ಕೇಳಿದ ಕೂಡಲೇ ಆ ಜಾಗದವರಿಗೆ ಕಾಡಿನ ಬಗ್ಗೆ ಎಷ್ಟು ಗೊತ್ತು ಎಂಬುದು ತಿಳಿದುಬಿಡುತ್ತದೆ, ಎಲ್ಲರೂ ಕೇಳತೊಡಗಿದರೆ ಉತ್ತರ ಸಿದ್ಧಮಾಡಿಕೊಂಡು ಬಿಡುತ್ತಾರೆ.

ಬೆಳಗಿನ ಸಫಾರಿ ಮುಗಿದು ಮಧ್ಯಾಹ್ನದ್ದು ಶುರುವಾಗುವವರೆಗಿನ ಐದಾರು ಗಂಟೆಗಳ ವಿಚಾರದಲ್ಲೂ ಪೇಟೆಯೇ ಅನುಕೂಲ. ತಿಂಡಿ ತಿಂದು, ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿ, ಎರಡು ಗಂಟೆ ಮಲಗಿ ಏಳಬಹುದು. ಒಂದು ದಿನ ಮಾತ್ರ ಹಂಗಳದಿಂದ ತಿರುಗಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆವು. ಕೆಳಗೆ ಕಾರು ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸು ಹತ್ತಬೇಕಾದ್ದರಿಂದ, ಅಂದಿನ ಸಂಜೆಯ ಸಫಾರಿಗೆ ಓಡೋಡಿ ಬರಬೇಕಾಯಿತು. ಸಫಾರಿ ಇರುವ ದಿನ ಬೆಟ್ಟ ಬೇಡ.

ಈಗ ಕೊನೆಯ ರಾತ್ರಿಯ ಮಾತು. ಪೇಟೆಯ ಲಾಡ್ಜ್‌ನಲ್ಲಿ ಕಾಡಿನ ರಾತ್ರಿ ಸಿಗುವುದಿಲ್ಲ ಎಂದು ಭಾವ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕಾಗಿ ನಾನು ಕಂಡುಕೊಂಡ ದಾರಿ ಎಂದರೆ, ಸಫಾರಿಯ ರಾತ್ರಿಗಳನ್ನು ಪೇಟೆಯಲ್ಲಿ ಕಳೆದು, ಬೆಳಿಗ್ಗೆ ಸಫಾರಿ ಇಲ್ಲದ ಕೊನೆಯ ರಾತ್ರಿಯೊಂದನ್ನು ಮಾತ್ರ ಕ್ಯಾಂಪಸ್ಸಿನೊಳಗಿನ ಅರಣ್ಯ ಇಲಾಖೆಯ ಕಾಟೇಜಿಗೆ ಇಡುವುದು. ಆ ಕ್ಯಾಂಪಸ್ಸು ಮುಚ್ಚಿದ ಹೆದ್ದಾರಿಯ ನಡುಭಾಗದಲ್ಲಿರುವುದರಿಂದ ಆರಕ್ಕೆ ಮುಂಚೆ ಹೊರಡುವ ಮಾತಿಲ್ಲ, ಹೊರಡಬೇಕಾದ ಅಗತ್ಯವೂ ಅಂದು ಇರುವುದಿಲ್ಲ. ರೂಮು ಮುಂಗಡವಾಗಿಯೇ ಹಿಡಿಯಬೇಕು, ವಾರದ ನಡುವಿನ ದಿನವಾದರೆ ಒಳ್ಳೆಯದು. ಬಾಗಿಲಿಗೆ ಚಿಲಕ ಹಾಕಿಯೇ ಸ್ನಾನಕ್ಕೆ ಹೋಗಬೇಕು. ಮೊದಲ ಸಲ ಹಾಗೆ ಮಾಡದೆ, ಮೇಜಿನ ಮೇಲಿದ್ದ ಒಂದು ಚಿಪ್ಪು ಬಾಳೆಹಣ್ಣನ್ನೂ ನನ್ನ ಹೆಂಡತಿಯ ಮಾತ್ರೆಗಳ ಡಬ್ಬಿಯನ್ನೂ ಕೋತಿಗಳಿಗೆ ಕಳೆದುಕೊಂಡೆವು.

ಮೇ ತಿಂಗಳ ಆ ಕೊನೆಯ ಸಂಜೆ ಒಂದು ಮಳೆ ಬಿದ್ದು ನಿಂತಿತ್ತು. ಕತ್ತಲಾದ ಮೇಲೆ ಕಾಟೇಜಿನಿಂದ ಹೊರಗೆ ಓಡಾಡುವಂತಿಲ್ಲ, ದೀಪ ಆರಿಸಿ ಜಗುಲಿಯಲ್ಲೇ ಕುಳಿತೆವು. ಒಂಬತ್ತು ಗಂಟೆಗೆ ಕಡೆಯ ವಾಹನದ ಸದ್ದು ಊಟಿಯ ಕಡೆಗೆ ಇಳಿದು ಹೋಯಿತು. ಹತ್ತೂವರೆಯ ಹೊತ್ತಿಗೆ ರಸ್ತೆಯ ಆಚೆಯಿಂದ ಕಡವೆಯ ಎಚ್ಚರಿಕೆಯ ಕೂಗು ಬಂತು, ಒಂದು, ಸ್ವಲ್ಪ ಬಿಟ್ಟು ಇನ್ನೊಂದು, ಆಮೇಲೆ ನಮ್ಮ ಮಗ್ಗುಲಿನ ಮರದ ಮೇಲಿಂದ ಮುಸುವವೊಂದು ಕೆಮ್ಮಿದಂತೆ ಕೂಗಿತು. ಹುಲಿಯೋ ಚಿರತೆಯೋ ಕಾಣಲಿಲ್ಲ, ಆದರೆ ಯಾವುದೋ ಒಂದು ನಮ್ಮಿಂದ ಇನ್ನೂರು ಮೀಟರ್ ಒಳಗೆ ರಸ್ತೆ ದಾಟಿ ಹೋದದ್ದು ಕೂಗುಗಳು ಸರಿದ ದಿಕ್ಕಿನಿಂದಲೇ ತಿಳಿಯಿತು. ಬೆಳಿಗ್ಗೆ ಐದೂಮುಕ್ಕಾಲಿಗೆ ಎದ್ದು ನೋಡಿದರೆ ಜಗುಲಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಹದಿನೈದಿಪ್ಪತ್ತು ಜಿಂಕೆಗಳು ಒದ್ದೆ ಹುಲ್ಲಿನ ಮೇಲೆ ಮಲಗಿದ್ದವು, ಒಂದರ ಬೆನ್ನ ಮೇಲೆ ಮೈನಾ ಕುಳಿತಿತ್ತು. ಆರು ದಾಟಿ ಸ್ವಲ್ಪ ಹೊತ್ತಿಗೆ ಚೆಕ್‌ಪೋಸ್ಟಿನ ಕಡೆಯಿಂದ ಮೊದಲ ಲಾರಿಯ ಸದ್ದು ಏರುತ್ತ ಬಂತು. ಜಿಂಕೆಗಳು ಒಂದೊಂದಾಗಿ ಎದ್ದು ನಿಂತು, ಕಿವಿ ರಸ್ತೆಯ ಕಡೆಗೆ ತಿರುಗಿಸಿ, ಮರಗಳ ಹಿಂದಕ್ಕೆ ನಡೆದುಹೋದವು.