128 ಕಳೆದರೆ ಕನ್ನಡ: ಎಮ್ಯಾಕ್ಸ್ ತಿದ್ದುತ್ತಾ ಪ್ರೋಗ್ರಾಮಿಂಗ್ ಕಲಿತದ್ದು

ಕಾಸರಗೋಡಿನಲ್ಲಿ ಡಿಟಿಪಿ ಕೆಲಸ ಮಾಡುವವರಿಗೆ ಎರಡು ಲಿಪಿ ಬೇಕೇ ಬೇಕು. ಬ್ರಹ್ಮಕಲಶೋತ್ಸವದ ಆಮಂತ್ರಣ ಕನ್ನಡದಲ್ಲಿ ಆಗಬೇಕು, ಆದರೆ ಸಮಿತಿಯವರು ವಾಟ್ಸಾಪಿನಲ್ಲಿ ಕಳಿಸುವ ಹೆಸರಿನ ಪಟ್ಟಿ ಅರ್ಧಕ್ಕರ್ಧ ಮಲಯಾಳದಲ್ಲಿ ಇರುತ್ತದೆ. ಗೌರವಾಧ್ಯಕ್ಷರಿಂದ ಹಿಡಿದು ಪಾಕಶಾಲೆ ಉಪಸಮಿತಿಯ ಕೊನೆಯ ಸದಸ್ಯನ ತನಕ, ಮನೆ ಹೆಸರು, ಊರ ಹೆಸರು ಸಮೇತ. "ಅಣ್ಣ, ಎಲ್ಲ ಕನ್ನಡ ಮಾಡಿ ಹಾಕಿ, ನಾಳೆ ಪ್ರೆಸ್ಸಿಗೆ ಹೋಗ್ಬೇಕು" ಅಂತ ಒಂದು ವಾಯ್ಸ್ ಮೆಸೇಜ್ ಬೇರೆ. ನಾನು ಪ್ರೋಗ್ರಾಮಿಂಗ್ ಕಲಿತದ್ದು ಈ ಪಟ್ಟಿಗಳ ಕಾಟದಿಂದ. ಯಾವ ಕ್ಲಾಸಿಗೂ ಹೋಗಿಲ್ಲ.

ಲಿನಕ್ಸ್ ಹೊಸತಾಗಿರಲಿಲ್ಲ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ಲಿನಕ್ಸಿನಲ್ಲೇ ನಡೆಯುವುದು, ಕನ್ನಡ ಮಾಧ್ಯಮದವರಿಗೂ ಅದೇ. ಎಮ್ಯಾಕ್ಸ್ ಅನ್ನುವ ಟೆಕ್ಸ್ಟ್ ಎಡಿಟರ್ ಮಾತ್ರ ಆಮೇಲೆ ಸಿಕ್ಕಿತು. ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಹೊರತಂದ ಗ್ನು ಎಮ್ಯಾಕ್ಸ್ ನೋಡಲು ಏನೂ ಚಂದ ಇಲ್ಲ. ಕಾಪಿಗೆ ಆಲ್ಟ್-ಡಬ್ಲ್ಯೂ, ಪೇಸ್ಟ್‌ಗೆ ಕಂಟ್ರೋಲ್-ವೈ. ಬೇಜಾರಾದರೆ ಕುವಾ ಮೋಡ್ ಹಾಕಿಕೊಳ್ಳಿ, ಎಲ್ಲ ಕಡೆ ಇರುವ ಸಿ, ವಿ ಬರುತ್ತವೆ, ಅದರಲ್ಲಿ ನಾಚಿಕೆ ಏನೂ ಇಲ್ಲ. ಕನ್ನಡ ಟೈಪಿಂಗ್ ಒಳಗೇ ಉಂಟು: ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಎರಡೂ. ಕಂಟ್ರೋಲ್ ಜೊತೆ ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಮೊದಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಅಕ್ಷರ ದೊಡ್ಡದು ಮಾಡುವ ಸಾಲು, ಉದ್ದ ಸಾಲು ಮಡಚುವ ಸಾಲು, ಹೀಗೆ ಬೇರೆಯವರ ಸೆಟಿಂಗ್ಸ್ ತಂದು, ಎಮ್ಯಾಕ್ಸ್ ತೆರೆಯುವಾಗ ಓದುವ ಇನಿಟ್ ಫೈಲಿಗೆ ಅಂಟಿಸುವುದು. ಅದು ಕಲಿಕೆ ಅಲ್ಲ, ಬಿಡಿ. ಕಲಿಕೆ ಶುರುವಾದದ್ದು ಒಂದು ಕೀ ಸಿಕ್ಕ ಮೇಲೆ: ಕಂಟ್ರೋಲ್-ಎಕ್ಸ್, ಆಮೇಲೆ ಎಸ್ಕೇಪ್ ಎರಡು ಸಲ. ಪಟ್ಟಿಯಲ್ಲಿ ಇನಿಶಿಯಲ್ ಆದಮೇಲೆ ಜಾಗ ಬಿಟ್ಟಿರುವುದಿಲ್ಲ ಅಲ್ವಾ, "ಕೆ.ಮೋಹನ" ಅಂತ ಇರುತ್ತದೆ. ಆಲ್ಟ್-ಎಕ್ಸ್ ಒತ್ತಿ ರಿಪ್ಲೇಸ್-ಸ್ಟ್ರಿಂಗ್ ಅಂತ ಟೈಪ್ ಮಾಡಿ, ಚುಕ್ಕಿ ಹುಡುಕಿ ಚುಕ್ಕಿ ಮತ್ತು ಸ್ಪೇಸ್ ಹಾಕು ಅಂತ ಮಾಡಿದೆ. ಮಾಡಿ ಈ ಕೀ ಒತ್ತಿದರೆ, ನಾನು ಈಗ ತಾನೆ ಕೈಯಲ್ಲಿ ಮಾಡಿದ ಕೆಲಸವೇ ಕೆಳಗೆ ಕೋಡ್ ಆಗಿ ಬಂದು ಕೂತಿದೆ! ಬ್ರ್ಯಾಕೆಟ್ ಒಳಗೆ ರಿಪ್ಲೇಸ್-ಸ್ಟ್ರಿಂಗ್ ಅಂತ ಕಮಾಂಡಿನ ಹೆಸರು, ಪಕ್ಕದಲ್ಲಿ ನಾನು ಕೊಟ್ಟ ಎರಡು ತುಂಡು, ಆಮೇಲೆ ಒಂದಷ್ಟು ನಿಲ್, ಅಂದರೆ ಏನೂ ಇಲ್ಲ ಅಂತ. ಅದನ್ನು ಹಾಗೇ ಎತ್ತಿ ಫೈಲಿನಲ್ಲಿ ಇಟ್ಟು, ಸುತ್ತ ಡಿಫನ್ (ಹೊಸ ಫಂಕ್ಷನ್ ಮಾಡುವ ಪದ) ಹಾಕಿ, ಒಂದು ಹೆಸರು ಕೊಟ್ಟು, ಇಂಟರಾಕ್ಟಿವ್ ಅಂತ ಒಂದು ಸಾಲು ಸೇರಿಸಿದರೆ ಅದು ನನ್ನದೇ ಕಮಾಂಡ್. ಕೊನೆಯ ಬ್ರ್ಯಾಕೆಟ್ ಆದಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಎಕ್ಸ್ ಕಂಟ್ರೋಲ್-ಇ ಒತ್ತಿದರೆ ಆ ಕ್ಷಣದಿಂದಲೇ ಕೆಲಸ ಮಾಡುತ್ತದೆ. ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆದು, ಆ ರಗಳೆ ಇಲ್ಲ.

ಪೈಥಾನ್ ಕಲಿಯಿರಿ ಅನ್ನುವವರು ಜಾಸ್ತಿ. ಒಳ್ಳೆಯದೇ. ಆದರೆ ಅದರಲ್ಲಿ ಮೊದಲು ಫೈಲ್ ಓದುವುದು ಹೇಗೆ, ಬರೆಯುವುದು ಹೇಗೆ ಅಂತ ಕಲಿತು, ಆಮೇಲೆ ನಿಮ್ಮ ಕೆಲಸಕ್ಕೆ ಬರಬೇಕು. ಇಲ್ಲಿ ಪಟ್ಟಿ ಕಣ್ಣೆದುರೇ ತೆರೆದಿರುತ್ತದೆ, ಕೋಡ್ ಅದರ ಮೇಲೇ ಓಡುತ್ತದೆ, ಸರಿ ಬರದಿದ್ದರೆ ಅನ್‌ಡೂ. ಸ್ಟಾಲ್‌ಮನ್ ಒಂದು ಉಪನ್ಯಾಸದಲ್ಲಿ ಹೇಳಿದ್ದು ಇದಕ್ಕೇ ಸೇರುತ್ತದೆ. ಬರ್ನಾರ್ಡ್ ಗ್ರೀನ್‌ಬರ್ಗ್ ಲಿಸ್ಪ್‌ನಲ್ಲಿ (ಎಮ್ಯಾಕ್ಸಿನ ಈ ಕೋಡೂ ಅದೇ ಜಾತಿಯ ಭಾಷೆ) ಬರೆದ, ಮಲ್ಟಿಕ್ಸ್ ಅನ್ನುವ ಹಳೆಯ ಆಪರೇಟಿಂಗ್ ಸಿಸ್ಟಮ್ಮಿನ ಎಮ್ಯಾಕ್ಸನ್ನು ಆಫೀಸಿನ ಸೆಕ್ರೆಟರಿಗಳು ಬಳಸುತ್ತಿದ್ದರಂತೆ. ಅವರು ಬಳಸಿದ ಕೈಪಿಡಿಯಲ್ಲಿ ಹೊಸ ಕಮಾಂಡ್ ಸೇರಿಸುವುದು ಹೇಗೆ ಅಂತ ಇತ್ತು, ಆದರೆ ಅದು ಪ್ರೋಗ್ರಾಮಿಂಗ್ ಅಂತ ಹೇಳಿರಲಿಲ್ಲ, ಹಾಗಾಗಿ ಹೆದರದೆ ಲಿಸ್ಪ್ ಬರೆದುಕೊಂಡು ಹೋದರು.

ಈಗ ಮಲಯಾಳದ ವಿಷಯ. ಕರ್ಸರನ್ನು ಯಾವುದಾದರೂ ಅಕ್ಷರದ ಮೇಲೆ ಇಟ್ಟು ಕಂಟ್ರೋಲ್-ಎಕ್ಸ್ ಒತ್ತಿ, ಆಮೇಲೆ ಈಕ್ವಲ್ ಚಿಹ್ನೆ ಒತ್ತಿದರೆ ಅದರ ಯುನಿಕೋಡ್ ಸಂಖ್ಯೆ, ಅಂದರೆ ಕಂಪ್ಯೂಟರಿನಲ್ಲಿ ಆ ಅಕ್ಷರಕ್ಕಿರುವ ನಂಬರು, ಕಾಣುತ್ತದೆ. ಕನ್ನಡದ ಕ 3221. ಮಲಯಾಳದ ಕ 3349. ಕನ್ನಡದ ರ 3248, ಮಲಯಾಳದ್ದು 3376. ಕಳೆದು ನೋಡಿ, ಎರಡರಲ್ಲೂ 128. ಸುಮ್ನೆ ಬಂದದ್ದಲ್ಲ ಇದು. ಯುನಿಕೋಡ್‌ನವರು ಅದಕ್ಕೂ ಹಿಂದಿನ ಭಾರತದ ಅಕ್ಷರ-ಸಂಖ್ಯೆ ಪದ್ಧತಿ ಇಸ್ಕಿಯನ್ನು ಹಿಡಿದು ನಮ್ಮ ಲಿಪಿಗಳನ್ನು ಒಂದೇ ವರಸೆಯಲ್ಲಿ ಜೋಡಿಸಿದ್ದಾರೆ, ಒಂದೊಂದಕ್ಕೆ 128 ಮನೆ. ಅಂದರೆ ನನ್ನ ಅರ್ಧ ದಿನದ ಕೆಲಸ ಒಂದು ಕಳೆಯುವ ಲೆಕ್ಕ! ವೈಲ್ ಅಂತ ಒಂದು ಸುತ್ತು, ಕರ್ಸರಿನ ಮುಂದಿನ ಅಕ್ಷರ ಕೇಳು, ಸಂಖ್ಯೆ 3328ರಿಂದ 3455ರ ಒಳಗಿದ್ದರೆ ಅದನ್ನು ಅಳಿಸಿ 128 ಕಡಿಮೆ ಇರುವುದನ್ನು ಹಾಕು, ಇಲ್ಲದಿದ್ದರೆ ದಾಟಿ ಮುಂದೆ ಹೋಗು. ಹತ್ತು ಸಾಲೂ ಇಲ್ಲ.

ಓಡಿಸಿದರೆ ಹೆಸರುಗಳು ಒಂದೊಂದಾಗಿ ಕನ್ನಡವಾಗುತ್ತಾ ಹೋದವು, ನಡುನಡುವೆ ಖಾಲಿ ಚೌಕಗಳು. ನಿಜವಾಗಿ ಕಲಿತದ್ದು ಈ ಚೌಕಗಳಿಂದ. ಚೆರುವತ್ತೂರು ತೆಗೆದುಕೊಳ್ಳಿ. ಮಲಯಾಳದಲ್ಲಿ ಅದರ ಕೊನೆಗೆ ಚಿಲ್ಲು (ಸ್ವರ ಇಲ್ಲದ ವ್ಯಂಜನಕ್ಕೆ ಅವರಲ್ಲಿರುವ ಬೇರೆ ಅಕ್ಷರ) ಬರುತ್ತದೆ, ಸಂಖ್ಯೆ 3452. ಕನ್ನಡದಲ್ಲಿ ಚಿಲ್ಲು ಇಲ್ಲ, ಆ ಮನೆ ಖಾಲಿ. ಅದೇ ಹೆಸರಿನ ನಡುವಿನ ರು ಅವರ ಇನ್ನೊಂದು ರ, ಅದು ನಮ್ಮ ಹಳಗನ್ನಡದ ಱ ಆಗಿ ಬಂದು ಕೂರುತ್ತದೆ. ಗೌರಿ, ಸೌಮ್ಯ ಇವರಿಗೂ ಚೌಕ, ಯಾಕೆಂದರೆ ಅಲ್ಲಿ ಔ ಸ್ವರಕ್ಕೆ ಈಗ ಬಳಸುವ ಚಿಹ್ನೆಯ ಸಂಖ್ಯೆ 3415, ಅದಕ್ಕೆ ಸರಿಯಾದ ಮನೆ ನಮ್ಮಲ್ಲಿ ಇಲ್ಲ. ಕೋಳಿಕ್ಕೋಡಿನ ಳಿ ಕೂಡ ಹಾಗೇ. ಕನ್ನಡ ಬ್ಲಾಕಿನಲ್ಲಿ ಳ ಮತ್ತು ವ ನಡುವೆ ಒಂದು ತೂತು ಉಂಟು, ಮಲಯಾಳದ ಆ ಅಕ್ಷರ ನೇರ ಆ ತೂತಿಗೆ ಬೀಳುತ್ತದೆ.

ಇದಕ್ಕೆಲ್ಲ ಇಫ್ ಮೇಲೆ ಇಫ್ ಹಾಕಿದರೆ ಕೋಡ್ ಓದಲಿಕ್ಕೇ ಆಗುವುದಿಲ್ಲ. ಕಂಟ್ರೋಲ್-ಎಚ್ ಎಫ್ ಒತ್ತಿ ಫಂಕ್ಷನ್ ಹೆಸರು ಕೊಟ್ಟರೆ ವಿವರಣೆ ಬರುತ್ತದೆ, ಜೊತೆಗೆ ಮೂಲ ಕೋಡಿಗೆ ಕೊಂಡಿಯೂ ಇರುತ್ತದೆ. ಎಮ್ಯಾಕ್ಸಿನವರೇ ಬರೆದದ್ದನ್ನು ಹಾಗೆ ತೆರೆದು ನೋಡುತ್ತಾ ಹೋದಾಗ ಜೋಡಿಗಳ ಪಟ್ಟಿ ಇಡುವ ಕ್ರಮ ಕಂಡಿತು: ಎಡಕ್ಕೆ ಮಲಯಾಳದ ಸಂಖ್ಯೆ, ಬಲಕ್ಕೆ ಕನ್ನಡದಲ್ಲಿ ಏನು ಬೇಕೋ ಅದು. ಮೊದಲು ಆಸ್‌ಕ್ಯೂ ಅನ್ನುವ ಫಂಕ್ಷನ್ ಈ ಪಟ್ಟಿಯಲ್ಲಿ ಹುಡುಕುತ್ತದೆ. ಸಿಗದಿದ್ದರೆ ಮಾತ್ರ 128 ಕಳೆಯುವುದು. ಹೊಸ ಚೌಕ ಕಂಡರೆ ಪಟ್ಟಿಗೆ ಒಂದು ಸಾಲು, ಕೋಡ್ ಮುಟ್ಟುವುದೇ ಬೇಡ. ಚಿಲ್ಲಿಗೆ ಸ್ವತಂತ್ರ ಸಂಖ್ಯೆ ಬಂದದ್ದು 2008ರಲ್ಲಿ, ಯುನಿಕೋಡ್ 5.1ರಲ್ಲಿ. ಹಳೆಯ ಕ್ರಮದಲ್ಲಿ ಟೈಪ್ ಮಾಡಿದ ಪಟ್ಟಿಯಲ್ಲಿ ವ್ಯಂಜನ, ಚಂದ್ರಕ್ಕಲ (ಸ್ವರ ತೆಗೆಯುವ ಚಿಹ್ನೆ), ಕಣ್ಣಿಗೆ ಕಾಣದ 8205 ಸಂಖ್ಯೆಯ ಅಕ್ಷರ, ಹೀಗೆ ಮೂರು ತುಂಡು ಇರುತ್ತದೆ. ಅದಕ್ಕೆ ಮುಂಚೆಯೇ ಒಂದು ರಿಪ್ಲೇಸ್ ಓಡಿಸುತ್ತೇನೆ.

ಕೋಡ್ ಎಲ್ಲಿ ಸಿಕ್ಕಿಕೊಂಡಿದೆ ಅಂತ ಗೊತ್ತಾಗದಿದ್ದಾಗ ಎಡೀಬಗ್ ಅನ್ನುವ ತಪ್ಪು ಹುಡುಕುವ ಸಾಧನ ಉಂಟು. ಡಿಫನ್ ಒಳಗೆ ಕರ್ಸರ್ ಇಟ್ಟು ಕಂಟ್ರೋಲ್-ಯು, ಆಮೇಲೆ ಕಂಟ್ರೋಲ್-ಆಲ್ಟ್-ಎಕ್ಸ್. ಆಮೇಲೆ ಫಂಕ್ಷನ್ ಓಡಿಸಿದರೆ ಸ್ಪೇಸ್ ಒತ್ತಿದ ಹಾಗೆ ಒಂದೊಂದೇ ಹೆಜ್ಜೆ ಹೋಗಿ, ಪ್ರತಿ ಬ್ರ್ಯಾಕೆಟ್‌ನ ಉತ್ತರ ಕೆಳಗೆ ತೋರಿಸುತ್ತದೆ. ವೇರಿಯಬಲ್, ಲೂಪ್ ಅಂದರೆ ಏನು ಅಂತ ಸರಿಯಾಗಿ ಅರ್ಥವಾದದ್ದು ಇದನ್ನು ನೋಡುತ್ತಾ ಕೂತಾಗ. ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗೆಂದೇ ಬರೆದ ಒಂದು ಪುಸ್ತಕ ಎಮ್ಯಾಕ್ಸ್ ಒಳಗೇ ಇದೆ, ಕಂಟ್ರೋಲ್-ಎಚ್ ಐ ಒತ್ತಿದರೆ ಸಿಗುತ್ತದೆ. ಇಂಗ್ಲಿಷಿನಲ್ಲಿದೆ, ಆದರೆ ನಿಧಾನವಾಗಿ ಹೇಳುತ್ತದೆ. ನಾನು ಪೂರ್ತಿ ಓದಿಲ್ಲ, ಬೇಕಾದಾಗ ಬೇಕಾದ ಪುಟ ಅಷ್ಟೆ.

ಊರ ಹೆಸರುಗಳಿಗೆ ಬೇರೆಯೇ ಪಟ್ಟಿ ಬೇಕಾಯಿತು. ಕಾಞಂಗಾಡನ್ನು ಅಕ್ಷರಕ್ಕೆ ಅಕ್ಷರ ತಂದರೆ "ಕಾಞ್ಞಙ್ಙಾಟ್" ಆಗುತ್ತದೆ. ಆಮಂತ್ರಣದಲ್ಲಿ ಹಾಗೆ ಅಚ್ಚಾದರೆ ಸಮಿತಿಯವರು ಬಿಡ್ತಾರಾ ಮಾರಾಯ್ರೆ?

ಈಗ ತಿರುಗಾ ದಿಕ್ಕಿನದು ಬರೆಯುತ್ತಿದ್ದೇನೆ, 128 ಕೂಡಿಸುವುದು. ಇದು ಜಾಸ್ತಿ ಕಷ್ಟ. ಕನ್ನಡದ ರ ನೋಡಿ ಮಲಯಾಳದ ಎರಡು ರ ಪೈಕಿ ಯಾವುದು ಅಂತ ಯಾವ ಲೆಕ್ಕವೂ ಹೇಳುವುದಿಲ್ಲ. ಸದ್ಯಕ್ಕೆ ರ ಬಂದಲ್ಲೆಲ್ಲ ಹಳದಿ ಬಣ್ಣ ಹಚ್ಚುವ ಹಾಗೆ ಮಾಡಿದ್ದೇನೆ, ಮಲಯಾಳ ಪ್ರೂಫ್ ನೋಡುವ ಪಕ್ಕದ ಅಂಗಡಿಯವರು ಬಂದು ಒಂದೊಂದನ್ನೇ ತಿದ್ದಿ ಹೋಗುತ್ತಾರೆ.